ಗೌಪ್ಯತೆ ಯಾರಿಗಾಗಿ, ಮಾಹಿತಿ ಯಾರಿಗಾಗಿ?

2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಕನ್ನಡದ ಸುದ್ದಿ ವಾಹಿನಿಗಳಲ್ಲಿ ಒಂದು ಭಾವಚಿತ್ರ ಮತ್ತೆ ಮತ್ತೆ ಬಿತ್ತರವಾಯಿತು. ಕೊಲೆಯಾಗುವ ಮುನ್ನ ಯುವಕನೊಬ್ಬ ನೆಲದ ಮೇಲೆ ಕುಳಿತು ಅಂಗಲಾಚುತ್ತಿರುವಂತೆ ಕಾಣುವ ಚಿತ್ರ ಅದು. ಅದೇ ವರ್ಷ ಜೂನ್ 9ರಂದು ಬೆಂಗಳೂರಿನಲ್ಲಿ ಶವವಾಗಿ ಪತ್ತೆಯಾದ ಚಿತ್ರದುರ್ಗದ ಆ ಯುವಕನ ಪ್ರಕರಣದಲ್ಲಿ ನಟ ದರ್ಶನ್ ಸೇರಿದಂತೆ 17 ಮಂದಿ ಆರೋಪಿಗಳು. ಸೆಪ್ಟೆಂಬರ್ 4ರಂದು ಪೊಲೀಸರು 3,991 ಪುಟಗಳ ದೋಷಾರೋಪ ಪಟ್ಟಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿದ್ದರು. ಅದರ ಬೆನ್ನಿಗೇ ಚಿತ್ರಗಳು, ಹೇಳಿಕೆಗಳು, ಫೋನ್ ವಿವರಗಳು ಮನೆಮನೆಯ ಮೊಬೈಲ್‌ಗಳನ್ನು ತಲುಪಿದವು. ಮಗನನ್ನು ಕಳೆದುಕೊಂಡ ತಂದೆ ತಾಯಿಯೂ, ಪತಿಯನ್ನು ಕಳೆದುಕೊಂಡ ಪತ್ನಿಯೂ ಆ ದೃಶ್ಯವನ್ನು ಊರಿನವರೊಡನೆ ನೋಡಬೇಕಾಯಿತು.

ಸೆಪ್ಟೆಂಬರ್ 10ರಂದು ಕರ್ನಾಟಕ ಹೈಕೋರ್ಟ್, ಆರೋಪಿ ನಟನ ಅರ್ಜಿಯ ಮೇರೆಗೆ, ದೋಷಾರೋಪ ಪಟ್ಟಿಯಲ್ಲಿನ ಗೌಪ್ಯ ಮಾಹಿತಿಯನ್ನು ಪ್ರಕಟಿಸದಂತೆ ಮಾಧ್ಯಮಗಳಿಗೆ ತಡೆಯಾಜ್ಞೆ ನೀಡಿತು. ಆಗ ಎರಡು ಬಗೆಯ ಮಾತುಗಳು ಕೇಳಿಬಂದವು. ಹಣವಂತರಿಗಾದರೆ ಕೋರ್ಟು ಬೇಗ ಕಿವಿಗೊಡುತ್ತದೆ, ಜನರ ಬಾಯಿ ಮುಚ್ಚಿಸುತ್ತದೆ ಎಂಬುದು ಒಂದು. ಟಿವಿಯವರು ತಾವೇ ನ್ಯಾಯಾಧೀಶರಾಗಲು ಹೊರಟಿದ್ದರು, ಆದದ್ದು ಒಳ್ಳೆಯದಾಯಿತು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಯಾವುದೂ ಪೂರ್ಣವಲ್ಲ. ಕ್ರಿಮಿನಲ್ ಪ್ರಕರಣವೊಂದರಲ್ಲಿ ಜನರಿಗೆ ಏನನ್ನು ತಿಳಿಯುವ ಹಕ್ಕಿದೆ, ಏನು ಗೌಪ್ಯವಾಗಿರಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಶಾಂತವಾಗಿ ವಿಚಾರ ಮಾಡುವ ಅಗತ್ಯವಿದೆ. ಇದು ವಕೀಲರಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಕೈಯಲ್ಲಿ ಮೊಬೈಲ್ ಹಿಡಿದಿರುವ ಪ್ರತಿಯೊಬ್ಬನೂ ಇಂದು ಒಂದು ಸಣ್ಣ ಪತ್ರಿಕೆಯ ಮಾಲೀಕನೇ ಆಗಿದ್ದಾನೆ.

ತೆರೆದ ನ್ಯಾಯಾಲಯವೇ ಮೂಲ ನಿಯಮ

ನಮ್ಮ ಕಾನೂನಿನಲ್ಲಿ ಮೂಲ ನಿಯಮ ಬಹಿರಂಗ ವಿಚಾರಣೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಂ, ಕ್ರಿಮಿನಲ್ ವಿಚಾರಣೆ ನಡೆಯುವ ಸ್ಥಳವನ್ನು ತೆರೆದ ನ್ಯಾಯಾಲಯ ಎಂದೇ ಕರೆಯುತ್ತದೆ. ಜಾಗ ಇರುವಷ್ಟು ಮಟ್ಟಿಗೆ ಯಾರು ಬೇಕಾದರೂ ಒಳಗೆ ಹೋಗಿ ಕುಳಿತುಕೊಳ್ಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಮಿನಲ್ಲಿ ಇದ್ದುದೂ ಇದೇ ನಿಯಮ.

1966ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ನರೇಶ್ ಮಿರಾಜ್ಕರ್ ಪ್ರಕರಣದಲ್ಲಿ ಈ ತತ್ವವನ್ನು ವಿಸ್ತಾರವಾಗಿ ವಿವರಿಸಿತು. ಜನರ ಕಣ್ಣೆದುರು ನಡೆಯುವ ವಿಚಾರಣೆ ನ್ಯಾಯಾಧೀಶರ ಮನಸೋಇಚ್ಛೆಗೆ ಕಡಿವಾಣ ಹಾಕುತ್ತದೆ, ನ್ಯಾಯದಾನದ ಮೇಲೆ ವಿಶ್ವಾಸ ಹುಟ್ಟಿಸುತ್ತದೆ ಎಂಬುದು ಅದರ ಸಾರ. ಅಸಾಧಾರಣ ಸಂದರ್ಭಗಳಲ್ಲಿ, ನ್ಯಾಯದಾನಕ್ಕೆ ಅಗತ್ಯವೆನಿಸಿದಾಗ ಮಾತ್ರ, ನ್ಯಾಯಾಲಯ ಬಾಗಿಲು ಮುಚ್ಚಬಹುದು ಎಂದೂ ಅದು ಒಪ್ಪಿಕೊಂಡಿತು. 2018ರ ಸೆಪ್ಟೆಂಬರ್ 26ರಂದು ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತನ್ನ ಕಲಾಪಗಳ ನೇರ ಪ್ರಸಾರಕ್ಕೆ ಹಸಿರು ನಿಶಾನೆ ತೋರಿಸಿದ್ದು ಇದೇ ಹಾದಿಯ ಮುಂದಿನ ಹೆಜ್ಜೆ.

ಬಹಿರಂಗ ವಿಚಾರಣೆಯಿಂದ ಹೆಚ್ಚು ಲಾಭ ಯಾರಿಗೆ ಎಂದು ಕೇಳಿದರೆ, ದುರ್ಬಲರಿಗೆ ಎಂದೇ ಹೇಳಬೇಕು. ಬಲವುಳ್ಳವನಿಗೆ ಮುಚ್ಚಿದ ಕೋಣೆಯಲ್ಲಿಯೂ ತನ್ನ ಕೆಲಸ ಮಾಡಿಸಿಕೊಳ್ಳುವ ದಾರಿ ಗೊತ್ತಿರುತ್ತದೆ. ಬಡವನಿಗೆ ಇರುವ ಆಸರೆ ನಾಲ್ಕು ಜನ ನೋಡುತ್ತಿದ್ದಾರೆ ಎಂಬ ಧೈರ್ಯ ಒಂದೇ.

ಎಲ್ಲ ಕಾಗದವೂ ಎಲ್ಲರಿಗಲ್ಲ

ಆದರೆ ವಿಚಾರಣೆ ತೆರೆದಿರುವುದು ಬೇರೆ, ಪ್ರಕರಣದ ಪ್ರತಿಯೊಂದು ಕಾಗದವೂ ಬೀದಿಗೆ ಬರುವುದು ಬೇರೆ. ಪ್ರಕರಣವೊಂದು ಹಂತ ಹಂತವಾಗಿ ಬೆಳೆಯುತ್ತದೆ. ಆಯಾ ಹಂತಕ್ಕೆ ತಕ್ಕಂತೆ ಬಾಗಿಲು ತೆರೆಯುವ ಕ್ರಮವನ್ನು ಕಾನೂನು ಇಟ್ಟಿದೆ.

ಮೊದಲನೆಯದು ಪ್ರಥಮ ಮಾಹಿತಿ ವರದಿ, ಅಂದರೆ ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಖಲಾದ 24 ಗಂಟೆಗಳೊಳಗೆ ಎಫ್‌ಐಆರ್ ಅನ್ನು ಪೊಲೀಸ್ ಅಂತರ್ಜಾಲ ತಾಣದಲ್ಲಿ ಹಾಕಬೇಕೆಂದು ಆದೇಶಿಸಿತು. ಸಂಪರ್ಕದ ತೊಂದರೆಯಿರುವ ಕಡೆ ಈ ಅವಧಿಯನ್ನು 72 ಗಂಟೆಗಳವರೆಗೆ ವಿಸ್ತರಿಸಬಹುದು. ಲೈಂಗಿಕ ಅಪರಾಧ, ಭಯೋತ್ಪಾದನೆ, ಮಕ್ಕಳ ಮೇಲಿನ ದೌರ್ಜನ್ಯದಂತಹ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಸೂಕ್ಷ್ಮ ಎಂದು ತೀರ್ಮಾನಿಸುವವರು ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರಾಗಿರಕೂಡದು. ಹಾಗೆ ತೀರ್ಮಾನಿಸಿದರೂ ಆರೋಪಿಗೆ ತನ್ನ ಮೇಲಿನ ದೂರಿನ ಪ್ರತಿ ಪಡೆಯುವ ದಾರಿ ಮುಚ್ಚುವುದಿಲ್ಲ.

ಎರಡನೆಯದು ತನಿಖೆಯ ಹಂತ. ಇಲ್ಲಿ ಮೌನವೇ ನಿಯಮ. ತನಿಖಾಧಿಕಾರಿ ಬರೆಯುವ ಕೇಸ್ ಡೈರಿಯನ್ನು ನ್ಯಾಯಾಲಯ ತರಿಸಿ ನೋಡಬಹುದೇ ಹೊರತು, ಆರೋಪಿ ಅದನ್ನು ಕೇಳುವಂತಿಲ್ಲ. ಮುಂದೆ ಯಾರ ಮನೆ ಶೋಧಿಸುತ್ತಾರೆ, ಯಾರನ್ನು ಸಾಕ್ಷಿಯಾಗಿ ಕರೆಯುತ್ತಾರೆ ಎಂಬುದು ಮೊದಲೇ ಗೊತ್ತಾದರೆ ಸಾಕ್ಷ್ಯ ಮಾಯವಾಗುವುದಕ್ಕೆ ಎಷ್ಟು ಹೊತ್ತು ಬೇಕು? ಮಾಹಿತಿ ಹಕ್ಕು ಕಾಯಿದೆಯ 8ನೇ ಕಲಂ ಕೂಡ ತನಿಖೆಗೆ ಅಡ್ಡಿಯಾಗುವ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಹಾಗೆಂದು 'ತನಿಖೆ ನಡೆಯುತ್ತಿದೆ' ಎಂಬ ಒಂದೇ ಮಾತು ಸಾಲದು. ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ಅಧಿಕಾರಿ ತೋರಿಸಬೇಕು ಎಂದು ದಿಲ್ಲಿ ಹೈಕೋರ್ಟು 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮೂರನೆಯದು ದೋಷಾರೋಪ ಪಟ್ಟಿ. ಇದನ್ನೂ ಎಫ್‌ಐಆರ್‌ನಂತೆ ಅಂತರ್ಜಾಲದಲ್ಲಿ ಹಾಕಬೇಕೆಂದು ಪತ್ರಕರ್ತ ಸೌರವ್ ದಾಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಜನವರಿ 20ರಂದು ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನ್ಯಾಯಮೂರ್ತಿ ಸಿ.ಟಿ. ರವಿಕುಮಾರ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ದೋಷಾರೋಪ ಪಟ್ಟಿ ಸಾಕ್ಷ್ಯ ಕಾಯಿದೆಯ ಅರ್ಥದಲ್ಲಿ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಎಲ್ಲರಿಗೂ ತೆರೆದಿಟ್ಟರೆ ಆರೋಪಿ, ಸಂತ್ರಸ್ತರು, ತನಿಖಾ ಸಂಸ್ಥೆ ಮೂವರ ಹಕ್ಕಿಗೂ ಧಕ್ಕೆಯಾಗಬಹುದು ಎಂಬುದು ಪೀಠದ ನಿಲುವು. ಅದರ ಪ್ರತಿ ಆರೋಪಿಗೆ ಸಿಗಲೇಬೇಕು. ಹೊಸ ಸಂಹಿತೆಯ 230ನೇ ಕಲಂ ಪ್ರಕಾರ ಆರೋಪಿ ನ್ಯಾಯಾಲಯಕ್ಕೆ ಹಾಜರಾದ 14 ದಿನಗಳೊಳಗೆ ಅವನಿಗೂ, ವಕೀಲರ ಮೂಲಕ ಹಾಜರಾಗುವ ಸಂತ್ರಸ್ತರಿಗೂ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

'ಸ್ವಇಚ್ಛಾ ಹೇಳಿಕೆ' ಎಂಬ ಬಲೆ

ದೋಷಾರೋಪ ಪಟ್ಟಿಯ ವಿಷಯದಲ್ಲಿ ಇಷ್ಟು ಎಚ್ಚರಿಕೆ ಏಕೆ? ಅದರ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಸಾಕ್ಷಿಗಳ ಹೆಸರು ಮತ್ತು ಹೇಳಿಕೆ, ಮರಣೋತ್ತರ ಪರೀಕ್ಷೆಯ ವರದಿ, ಫೋನ್ ಕರೆಗಳ ಪಟ್ಟಿ, ಬ್ಯಾಂಕ್ ವಿವರ, ಪ್ರಕರಣಕ್ಕೆ ಸಂಬಂಧವೇ ಇಲ್ಲದವರ ಖಾಸಗಿ ಸಂದೇಶಗಳೂ ಅಲ್ಲಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಂದು ಪಕ್ಷದ ಮಾತು. ಪಾಟೀಸವಾಲಿನ ಒರೆಗಲ್ಲಿಗೆ ಇನ್ನೂ ಹಚ್ಚಿ ನೋಡದ ಮಾತು.

ನಮ್ಮ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಆಗಾಗ 'ಆರೋಪಿಯ ಸ್ವಇಚ್ಛಾ ಹೇಳಿಕೆಯಲ್ಲಿ ಸತ್ಯ ಬಯಲು' ಎಂಬ ತಲೆಬರಹ ಕಾಣಿಸುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬುದು ನಮ್ಮ ಸಾಕ್ಷ್ಯ ಕಾನೂನಿನ ಬಹಳ ಹಳೆಯ ನಿಯಮ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಮುಂದುವರಿಸಿದೆ. ಆ ಹೇಳಿಕೆಯ ಆಧಾರದ ಮೇಲೆ ಆಯುಧವೋ ಒಡವೆಯೋ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದ ಭಾಗವಷ್ಟೇ ಲೆಕ್ಕಕ್ಕೆ ಬರುತ್ತದೆ. ಪೆಟ್ಟಿನ ಭಯದಿಂದ ಬಾಯಿಬಿಟ್ಟ ಮಾತನ್ನು ನಂಬಬಾರದು ಎಂಬ ಅನುಭವದಿಂದ ಹುಟ್ಟಿದ ನಿಯಮ ಇದು. ಅಂದರೆ, ನ್ಯಾಯಾಧೀಶರು ಓದಿ ಪಕ್ಕಕ್ಕಿಡಬೇಕಾದ ಕಾಗದವನ್ನೇ ನಾವು ಅಂತಿಮ ಸತ್ಯವೆಂದು ಓದಿ, ನೆರೆಮನೆಯವರಿಗೂ ಓದಿ ಹೇಳುತ್ತೇವೆ.

ಮೇಲೆ ಹೇಳಿದ ಪ್ರಕರಣದಲ್ಲಿ ಬೆಂಗಳೂರಿನ ನ್ಯಾಯಾಲಯ ಆರೋಪ ನಿಗದಿ ಮಾಡಿದ್ದು 2025ರ ನವೆಂಬರ್‌ನಲ್ಲಿ. ಆರೋಪಿಗಳು ಆರೋಪವನ್ನು ನಿರಾಕರಿಸಿದರು. ವಾಹಿನಿಗಳ ಚರ್ಚೆಯಲ್ಲಿ ತೀರ್ಪು ಹೊರಬಿದ್ದದ್ದು ಅದಕ್ಕೂ ಒಂದು ವರ್ಷದ ಹಿಂದೆ! ಆರೋಪಿ ನಿರ್ದೋಷಿಯಾಗಿದ್ದರೆ ಇದು ಅವನಿಗೆ ಮಾಡಿದ ಅನ್ಯಾಯ. ದೋಷಿಯಾಗಿದ್ದರೆ, 'ಮಾಧ್ಯಮಗಳ ಒತ್ತಡದಿಂದ ನನಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ' ಎಂದು ಮೇಲ್ಮನವಿಯಲ್ಲಿ ವಾದಿಸಲು ಅವನ ಕೈಗೆ ನಾವೇ ಕೊಟ್ಟ ಅಸ್ತ್ರ. ಎರಡೂ ರೀತಿಯಲ್ಲಿ ನಷ್ಟವಾಗುವುದು ನೊಂದ ಕುಟುಂಬಕ್ಕೆ.

ಎಂದೂ ತೆರೆಯಬಾರದ ಬಾಗಿಲು

ಕೆಲವು ಬಾಗಿಲುಗಳನ್ನು ಯಾವ ಹಂತದಲ್ಲಿಯೂ ತೆರೆಯುವಂತಿಲ್ಲ. ಅತ್ಯಾಚಾರದ ಸಂತ್ರಸ್ತೆಯ ಹೆಸರು ಅಥವಾ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯಿದೆಯ 23ನೇ ಕಲಂ ಹೆಸರು, ವಿಳಾಸ, ಭಾವಚಿತ್ರ, ಶಾಲೆ, ನೆರೆಹೊರೆ ಇವುಗಳಲ್ಲಿ ಯಾವುದನ್ನೂ ಮಾಧ್ಯಮ ಬಹಿರಂಗಪಡಿಸಕೂಡದು ಎನ್ನುತ್ತದೆ. ಬಾಲನ್ಯಾಯ ಕಾಯಿದೆಯ 74ನೇ ಕಲಂ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿಗೂ, ಅಂದರೆ ಆರೋಪಿ ಸ್ಥಾನದಲ್ಲಿರುವ ಮಗುವಿಗೂ, ಇದೇ ರಕ್ಷಣೆ ನೀಡಿದೆ.

2018ರ ಡಿಸೆಂಬರ್ 11ರಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಸರನ್ನು ಬಿಟ್ಟರೆ ಸಾಲದು, ಯಾರೆಂದು ಊಹಿಸಲು ಅನುವು ಮಾಡಿಕೊಡುವ ಯಾವ ಸಂಗತಿಯನ್ನೂ ಪ್ರಕಟಿಸಬಾರದು. ಸಂತ್ರಸ್ತೆ ಮೃತಪಟ್ಟಿದ್ದರೂ ನಿಯಮ ಸಡಿಲವಾಗುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕಠುವಾದ ಪುಟ್ಟ ಬಾಲಕಿಯ ಗುರುತು ಪ್ರಕಟಿಸಿದ ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ನೀಡುವಂತೆ ದಿಲ್ಲಿ ಹೈಕೋರ್ಟು ಸೂಚಿಸಿತ್ತು. ಆದರೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹೆಸರು, ಭಾವಚಿತ್ರ ದೇಶವಿಡೀ ಹರಿದಾಡಿ, ಅವುಗಳನ್ನು ಅಳಿಸಿಹಾಕುವಂತೆ ಆಗಸ್ಟ್ 20ರಂದು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಹರಡಿದವರಲ್ಲಿ ಬಹುಪಾಲು ಜನ ದುಷ್ಟರಲ್ಲ, ಆಕೆಗೆ ನ್ಯಾಯ ಸಿಗಲಿ ಎಂದು ಮೋಂಬತ್ತಿ ಹಚ್ಚಿದವರೇ. ಒಳ್ಳೆಯ ಉದ್ದೇಶದಿಂದ ಮಾಡಿದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ.

ನಮ್ಮ ರಾಜ್ಯದ ಉದಾಹರಣೆ ಇದಕ್ಕಿಂತ ನೋವಿನದು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಅನೇಕ ಹೆಣ್ಣುಮಕ್ಕಳ ದೃಶ್ಯಗಳು ಮುಖವನ್ನೂ ಮರೆಮಾಚದೆ ಹಂಚಿಕೆಯಾದವು. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಒಂದು ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅದು ಸಾಧ್ಯವಾದದ್ದು ಮುಂದೆ ಬಂದು ಸಾಕ್ಷಿ ಹೇಳಿದ ಮಹಿಳೆಯ ಧೈರ್ಯದಿಂದ, ಪೆನ್‌ಡ್ರೈವ್ ಹಂಚಿದವರಿಂದಲ್ಲ. ಆ ದೃಶ್ಯಗಳನ್ನು ಹಂಚಿದ್ದು ಎಷ್ಟು ಮಂದಿ ಹೆಣ್ಣುಮಕ್ಕಳ ಬಾಯಿ ಕಟ್ಟಿರಬಹುದು! ಅವುಗಳನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡವೇ ಎಚ್ಚರಿಕೆ ಕೊಡಬೇಕಾಗಿ ಬಂತು.

ಗೌಪ್ಯತೆ ಮತ್ತು ಆರೋಪಿಯ ಹಕ್ಕು ಎದುರುಬದುರಾದಾಗ ಹೇಗೆ ದಾರಿ ಹುಡುಕಬೇಕು ಎಂಬುದಕ್ಕೂ ಒಂದು ನಿದರ್ಶನವಿದೆ. ಕೇರಳದ ನಟಿಯ ಮೇಲಿನ ದೌರ್ಜನ್ಯ ಪ್ರಕರಣದಲ್ಲಿ, ದೃಶ್ಯಗಳಿದ್ದ ಮೆಮೊರಿ ಕಾರ್ಡಿನ ಪ್ರತಿ ತನಗೆ ಬೇಕೆಂದು ಆರೋಪಿ ನಟ ಕೇಳಿದ್ದರು. 2019ರ ನವೆಂಬರ್ 29ರಂದು ಸುಪ್ರೀಂ ಕೋರ್ಟು, ಆರೋಪಿ ತನ್ನ ವಕೀಲರು ಮತ್ತು ತಜ್ಞರೊಡನೆ ಅದನ್ನು ಪರಿಶೀಲಿಸಬಹುದು, ಆದರೆ ಪ್ರತಿ ಒಯ್ಯುವಂತಿಲ್ಲ ಎಂದಿತು. ಹೀಗೆ ಆರೋಪಿಯ ರಕ್ಷಣೆಗೆ ಕುಂದು ಬರಲಿಲ್ಲ, ಹೆಣ್ಣಿನ ಮಾನಕ್ಕೂ ಕುಂದು ಬರಲಿಲ್ಲ.

ತಿರುವುಮುರುವಾಗಿರುವ ವ್ಯವಸ್ಥೆ

ಕಾನೂನಿನ ಪುಸ್ತಕದಲ್ಲಿ ಎಲ್ಲವೂ ಕ್ರಮವಾಗಿಯೇ ಇದೆ. ನಡೆಯುವುದು ಮಾತ್ರ ತಿರುವುಮುರುವು. ಮುಚ್ಚಿರಬೇಕಾದದ್ದು ಸೋರುತ್ತದೆ, ತೆರೆದಿರಬೇಕಾದದ್ದು ಸಿಗುವುದಿಲ್ಲ.

ನಟನ ಪ್ರಕರಣದ ಸಾವಿರಾರು ಪುಟ ವಾರದೊಳಗೆ ಊರೆಲ್ಲ ಹರಡಿತು. ಅದೇ ಹೊತ್ತಿಗೆ, ಮಗ ಅಪಘಾತದಲ್ಲಿ ಸತ್ತ ಬಡ ಮೀನುಗಾರನೊಬ್ಬ ತನಿಖೆ ಎಲ್ಲಿಗೆ ಬಂತೆಂದು ಕೇಳಲು ಠಾಣೆಗೆ ಎಷ್ಟು ಬಾರಿ ಅಲೆಯುತ್ತಾನೆ ಎಂಬುದನ್ನು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಹೊಸ ಸಂಹಿತೆಯ 193ನೇ ಕಲಂ, ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು ಪೊಲೀಸರಿಗೆ ಕಡ್ಡಾಯ ಮಾಡಿದೆ. ಫೋನ್ ಸಂದೇಶದ ಮೂಲಕವೂ ತಿಳಿಸಬಹುದು. 37ನೇ ಕಲಂ ಪ್ರಕಾರ ಬಂಧಿತರ ಹೆಸರು, ವಿಳಾಸ ಮತ್ತು ಅವರ ಮೇಲಿನ ಆರೋಪದ ವಿವರವನ್ನು ಪ್ರತಿ ಠಾಣೆಯಲ್ಲಿಯೂ ಪ್ರದರ್ಶಿಸಬೇಕು. ಈ ಹಕ್ಕುಗಳು ಇವೆಯೆಂಬುದೇ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಸೋರಿಕೆ ಎಲ್ಲಿಂದ? ದಾಖಲೆ ಪೊಲೀಸರ ಬಳಿ, ವಕೀಲರ ಬಳಿ, ಆರೋಪಿಗಳ ಬಳಿ, ನ್ಯಾಯಾಲಯದ ಕಚೇರಿಯಲ್ಲಿ ಇರುತ್ತದೆ. ಎಲ್ಲಿಂದ ಬೇಕಾದರೂ ಹೊರಬೀಳಬಹುದು. ಆದರೆ ತನಿಖೆ ಮುಗಿಯುವ ಮುನ್ನವೇ ಪತ್ರಿಕಾಗೋಷ್ಠಿಯಲ್ಲಿ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ 'ಪ್ರಕರಣ ಭೇದಿಸಿದ್ದೇವೆ' ಎಂದು ಘೋಷಿಸುವ ಪದ್ಧತಿಗೆ ಪೊಲೀಸ್ ಇಲಾಖೆಯೇ ಉತ್ತರ ಹೇಳಬೇಕು. ಇದರಿಂದ ಆರೋಪಿಯೇ ಅಪರಾಧಿ ಎಂಬ ಭಾವನೆ ಜನರಲ್ಲಿ ಮೂಡುತ್ತದೆ ಎಂದು ಅಸಮಾಧಾನ ಸೂಚಿಸಿದ ಸುಪ್ರೀಂ ಕೋರ್ಟು, ಪೊಲೀಸರು ಮಾಧ್ಯಮಗಳಿಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬ ಕೈಪಿಡಿ ಸಿದ್ಧಪಡಿಸುವಂತೆ 2023ರ ಸೆಪ್ಟೆಂಬರ್ 13ರಂದು ಕೇಂದ್ರ ಗೃಹ ಇಲಾಖೆಗೆ ನಿರ್ದೇಶನ ನೀಡಿತು.

ದೋಷಾರೋಪ ಪಟ್ಟಿಯನ್ನು ಇಡಿಯಾಗಿ ಅಂತರ್ಜಾಲಕ್ಕೆ ಹಾಕಬಾರದು ಎಂಬ 2023ರ ತೀರ್ಪು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಅಧಿಕೃತ ಮಾಹಿತಿ ಇಲ್ಲದ ಕಡೆ ಕದ್ದ ಮಾಹಿತಿಗೆ ಬೆಲೆ ಬರುತ್ತದೆ. ನ್ಯಾಯಾಲಯ ಆರೋಪ ನಿಗದಿ ಮಾಡಿದ ಮೇಲೆ, ಯಾರ ಮೇಲೆ ಯಾವ ಆರೋಪ, ಯಾವ ಕಲಂ, ಎಷ್ಟು ಸಾಕ್ಷಿಗಳು, ಮುಂದಿನ ದಿನಾಂಕ ಯಾವುದು ಎಂಬ ಒಂದು ಪುಟದ ಸಾರಾಂಶವನ್ನು, ಸಂತ್ರಸ್ತರ ಮತ್ತು ಸಾಕ್ಷಿಗಳ ಹೆಸರಿಲ್ಲದೆ, ಜನರ ಭಾಷೆಯಲ್ಲಿ ಒದಗಿಸಿದರೆ ಯಾರಿಗೂ ಕೇಡಾಗದು. ತೆರೆದ ನ್ಯಾಯಾಲಯದಲ್ಲಿ ಓದಿ ಹೇಳುವ ವಿಷಯವೇ ಅದು. ಶಾಸಕಾಂಗವಾಗಲಿ ಹೈಕೋರ್ಟುಗಳಾಗಲಿ ಇದನ್ನು ಆಲೋಚಿಸಬೇಕು.

ಗೌಪ್ಯತೆಯ ಹೆಸರಿನಲ್ಲಿ ಬೇಡದ್ದನ್ನು ಮುಚ್ಚಿಡುವ ಅಪಾಯವೂ ಕಡಿಮೆಯದಲ್ಲ. 2025ರ ಜುಲೈಯಲ್ಲಿ ಧರ್ಮಸ್ಥಳ ಪರಿಸರದಲ್ಲಿ ಶವಗಳನ್ನು ಹೂತಿದ್ದೇನೆಂದು ಮಾಜಿ ನೈರ್ಮಲ್ಯ ಕಾರ್ಮಿಕನೊಬ್ಬ ದೂರಿತ್ತಾಗ, ನಮ್ಮ ಜಿಲ್ಲೆ ಇದರ ಎರಡೂ ಮುಖಗಳನ್ನು ಕಂಡಿತು. ಸಾಕ್ಷಿ ರಕ್ಷಣೆಯ ನಿಯಮದಂತೆ ಆತನ ಮುಖ ಮುಚ್ಚಿಡಲಾಯಿತು. ಸರಕಾರ ಜುಲೈ 19ರಂದು ವಿಶೇಷ ತನಿಖಾ ತಂಡ ರಚಿಸಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಮಾಧ್ಯಮಗಳ ಮೇಲೆ ವ್ಯಾಪಕ ನಿರ್ಬಂಧ ಹೇರಿದರೆ, ಅದನ್ನು ಪ್ರಶ್ನಿಸಿದ ಮಂಗಳೂರಿನ ಯೂಟ್ಯೂಬ್ ವಾಹಿನಿಯ ಅರ್ಜಿಯ ಮೇಲೆ ಹೈಕೋರ್ಟು ಆಗಸ್ಟ್ 1ರಂದು ಆ ನಿರ್ಬಂಧವನ್ನು ರದ್ದುಪಡಿಸಿತು. ಆಗಸ್ಟ್ 23ರಂದು ಆ ದೂರುದಾರನೇ ಬಂಧಿತನಾದ. ಈ ನಡುವಿನ ವಾರಗಳಲ್ಲಿ ಎರಡೂ ಕಡೆಯವರು ವಾಟ್ಸಾಪಿನಲ್ಲಿ ಎಷ್ಟು 'ತೀರ್ಪು'ಗಳನ್ನು ಬರೆದರು! ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಪಾಠ ಸ್ಪಷ್ಟವಾಗಿದೆ. ಒಟ್ಟಾರೆ ಬಾಯಿ ಮುಚ್ಚಿಸುವ ಆದೇಶ ಊಹಾಪೋಹವನ್ನು ಕೊಲ್ಲುವುದಿಲ್ಲ, ಬೆಳೆಸುತ್ತದೆ. ಅಂಕೆಯಿಲ್ಲದ ಮಾತು ಸತ್ಯವನ್ನು ಹೊರತರುವುದಿಲ್ಲ, ಹೂತುಹಾಕುತ್ತದೆ.

ನಮ್ಮ ಅಂಗಳದಲ್ಲಿ

ಈ ವಿಷಯದಲ್ಲಿ ಧರ್ಮಸಭೆಗೂ ತನ್ನದೇ ಆದ ಕಠಿಣ ಪಾಠವಿದೆ. 2018ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಬಿಷಪರೊಬ್ಬರ ವಿರುದ್ಧ ದೂರು ನೀಡಿದ ಧರ್ಮಭಗಿನಿಯ ಭಾವಚಿತ್ರವನ್ನು ಆಕೆಯದೇ ಸಂನ್ಯಾಸಿನಿಯರ ಸಭೆ ಪತ್ರಿಕಾ ಹೇಳಿಕೆಯೊಡನೆ ಕಳುಹಿಸಿತು. ಪೊಲೀಸರು ಗುರುತು ಬಹಿರಂಗಪಡಿಸಿದ ಅಪರಾಧಕ್ಕಾಗಿ ಪ್ರಕರಣ ದಾಖಲಿಸಿದರು. ಆರೋಪಿ ಬಿಷಪರನ್ನು ಕೋಟ್ಟಯಂ ನ್ಯಾಯಾಲಯ 2022ರ ಜನವರಿ 14ರಂದು ಖುಲಾಸೆಗೊಳಿಸಿತು. ಆದರೆ ಖುಲಾಸೆಯೋ ಶಿಕ್ಷೆಯೋ ಎಂಬುದಕ್ಕೂ ಆ ಭಾವಚಿತ್ರಕ್ಕೂ ಸಂಬಂಧವಿಲ್ಲ. ದೂರುದಾರಳ ಗುರುತನ್ನು ಕಾಪಾಡುವ ಕರ್ತವ್ಯ, ದೂರು ನಿಜವೆಂದು ಸಾಬೀತಾದ ಬಳಿಕ ಹುಟ್ಟುವಂಥದ್ದಲ್ಲ. ದೂರು ಕೊಟ್ಟ ಕ್ಷಣದಿಂದಲೇ ಅದು ಎಲ್ಲರ ಮೇಲೂ ಇದೆ.

2019ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸರು, ಅಪ್ರಾಪ್ತರ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗೆ 'ಪೊಂಟಿಫಿಕಲ್ ರಹಸ್ಯ' ಅನ್ವಯಿಸುವುದಿಲ್ಲ ಎಂದು ಸಾರಿದರು. ದೂರು ಕೊಟ್ಟವರ ಮೇಲೆ, ಸಂತ್ರಸ್ತರ ಮೇಲೆ, ಸಾಕ್ಷಿಗಳ ಮೇಲೆ ಮೌನದ ಕಟ್ಟಳೆ ಹೇರುವಂತಿಲ್ಲ. ಆಯಾ ದೇಶದ ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಬೇಕಾದ ಕರ್ತವ್ಯಕ್ಕೆ ಗೌಪ್ಯತೆ ಅಡ್ಡಬರುವಂತಿಲ್ಲ. ಅದೇ ವೇಳೆ ಸಂಬಂಧಪಟ್ಟ ಎಲ್ಲರ ಮಾನ, ಹೆಸರು, ಖಾಸಗಿತನಗಳನ್ನು ಕಾಪಾಡಲೇಬೇಕು. ಪಾಪನಿವೇದನೆಯ ಮುದ್ರೆಗೂ ಇದಕ್ಕೂ ಸಂಬಂಧವಿಲ್ಲ, ಅದು ಹಾಗೆಯೇ ಉಳಿದಿದೆ. ಗುಟ್ಟು ಬೇರೆ, ಗೌಪ್ಯತೆ ಬೇರೆ ಎಂಬುದನ್ನು ಈ ಆದೇಶ ಚೆನ್ನಾಗಿ ತೋರಿಸುತ್ತದೆ. ಗುಟ್ಟು ಸಂಸ್ಥೆಯ ಹೆಸರನ್ನು ಕಾಯುತ್ತದೆ, ಗೌಪ್ಯತೆ ನೊಂದವರನ್ನು ಕಾಯುತ್ತದೆ.

ನಮ್ಮ ಶಾಲೆ, ಬೋರ್ಡಿಂಗ್, ಧರ್ಮೋಪದೇಶ ತರಗತಿಗಳಲ್ಲಿ ದುಡಿಯುವವರು ಒಂದು ವಿಷಯವನ್ನು ಗಟ್ಟಿಯಾಗಿ ನೆನಪಿಡಬೇಕು. ಪೋಕ್ಸೊ ಕಾಯಿದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು 21ನೇ ಕಲಂ ಅವಕಾಶ ಕೊಟ್ಟಿದೆ. 'ಮಗುವಿನ ಮಾನದ ಪ್ರಶ್ನೆ, ಒಳಗೊಳಗೇ ಮುಗಿಸೋಣ' ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ತಿಳಿಸಬೇಕಾದವರಿಗೆ ತಿಳಿಸಿ, ಉಳಿದವರೆದುರು ಬಾಯಿ ಮುಚ್ಚಿಕೊಂಡಿರುವುದೇ ಸರಿಯಾದ ನಡತೆ.

ಇನ್ನೊಂದು ಮುಖವನ್ನೂ ನೋಡೋಣ. 2025ರ ಜುಲೈ 25ರಂದು ಛತ್ತೀಸ್‌ಗಢದ ದುರ್ಗ್ ರೈಲು ನಿಲ್ದಾಣದಲ್ಲಿ ಕೇರಳ ಮೂಲದ ಇಬ್ಬರು ಧರ್ಮಭಗಿನಿಯರನ್ನು ಮಾನವ ಕಳ್ಳಸಾಗಣೆ ಮತ್ತು ಮತಾಂತರದ ಆರೋಪದಲ್ಲಿ ಬಂಧಿಸಲಾಯಿತು. ಅವರ ದೃಶ್ಯಗಳು ಕ್ಷಣಾರ್ಧದಲ್ಲಿ ದೇಶವನ್ನು ಸುತ್ತಿದವು. ಬಿಲಾಸ್‌ಪುರದ ಎನ್‌ಐಎ ನ್ಯಾಯಾಲಯ ಆಗಸ್ಟ್ 2ರಂದು ಜಾಮೀನು ನೀಡುವ ತನಕ ಎಷ್ಟೋ ಮಂದಿಯ ಕಣ್ಣಿನಲ್ಲಿ ಅವರು ಅಪರಾಧಿಗಳೇ ಆಗಿದ್ದರು. 'ಸಾಬೀತಾಗುವ ಮುನ್ನ ಅಪರಾಧಿ ಎನ್ನಬೇಡಿ' ಎಂದು ಆಗ ನಾವೆಲ್ಲರೂ ಕೇಳಿಕೊಂಡೆವು. ಸರಿಯಾಗಿಯೇ ಕೇಳಿದೆವು. ಆದರೆ ನೆರೆಯ ಬೀದಿಯ ಬೇರೆ ಧರ್ಮದ ಯುವಕನೊಬ್ಬನ ಭಾವಚಿತ್ರ 'ಇವನೇ ಕಳ್ಳ' ಎಂಬ ಒಕ್ಕಣೆಯೊಡನೆ ನಮ್ಮ ವಾಳೆಯ ಗುಂಪಿಗೆ ಬಂದಾಗಲೂ ಅದೇ ಅಳತೆಗೋಲು ನಮ್ಮ ಕೈಯಲ್ಲಿರಬೇಡವೇ?

ಏನು ಮಾಡಬಹುದು?

ಪ್ರಕರಣವೊಂದರ ಬಗ್ಗೆ ನಿಜವಾದ ಮಾಹಿತಿ ಬೇಕಾದವರಿಗೆ ದಾರಿಗಳಿವೆ. ರಾಜ್ಯ ಪೊಲೀಸ್ ಇಲಾಖೆಯ ತಾಣದಲ್ಲಿ ಎಫ್‌ಐಆರ್ ಹುಡುಕಬಹುದು. ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ದಿನಾಂಕ ಯಾವುದು ಎಂದು ನೋಡಬಹುದು. ಹೊರಗಿನವರಿಗೆ ದಾಖಲೆಯ ಪ್ರತಿ ಬೇಕಾದರೆ, ಕಾರಣ ತೋರಿಸಿ ನ್ಯಾಯಾಲಯಕ್ಕೇ ಅರ್ಜಿ ಸಲ್ಲಿಸಬೇಕು. ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ಕ್ಯಾಥೊಲಿಕ್ ಸಭಾ, ಸ್ತ್ರೀ ಸಂಘಟನೆಗಳು ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು ಕರೆಸಿ, ನೊಂದ ಕುಟುಂಬಕ್ಕೆ 90 ದಿನಗಳ ಹಕ್ಕು, ದೋಷಾರೋಪ ಪಟ್ಟಿಯ ಪ್ರತಿಯ ಹಕ್ಕು ಇವುಗಳನ್ನು ತಿಳಿಸಿಕೊಟ್ಟರೆ ಅದೊಂದು ದೊಡ್ಡ ಉಪಕಾರವಾದೀತು.

ಮೊಬೈಲ್ ಹಿಡಿದವರು ಮುಂದಕ್ಕೆ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದು ತೆರೆದ ನ್ಯಾಯಾಲಯದಲ್ಲಿ ನಡೆದದ್ದೋ, ಕದ್ದು ತಂದದ್ದೋ? ಇದರಿಂದ ಒಂದು ಹೆಣ್ಣುಮಗಳ, ಒಂದು ಮಗುವಿನ, ಒಬ್ಬ ಸಾಕ್ಷಿಯ ಗುರುತು ಸಿಗುತ್ತದೆಯೇ? ಇದರಲ್ಲಿರುವವನು ನಮ್ಮ ಮನೆಯವನೇ ಆಗಿದ್ದರೆ ಕಳುಹಿಸುತ್ತಿದ್ದೆವೇ?

ನಿಜವಾದ ಮಾತೇ ಆದರೂ ಸಕಾರಣವಿಲ್ಲದೆ ಇನ್ನೊಬ್ಬರ ದೋಷವನ್ನು ಅದನ್ನರಿಯದವರ ಮುಂದೆ ಹೇಳುವುದು ಪಾಪವೆಂದು ಧರ್ಮಸಭೆ ಎಂಟನೆಯ ಕಟ್ಟಳೆಯ ವಿವರಣೆಯಲ್ಲಿ ಕಲಿಸುತ್ತದೆ. ಹಾಗೆಯೇ, ಅನ್ಯಾಯ ಕಂಡೂ ಸಂಬಂಧಪಟ್ಟವರಿಗೆ ತಿಳಿಸದೆ ಸುಮ್ಮನಿರುವುದು ಸದ್ಗುಣವಲ್ಲ. ಎಲ್ಲಿ ಮಾತಾಡಬೇಕು, ಎಲ್ಲಿ ಮೌನವಾಗಿರಬೇಕು ಎಂಬ ವಿವೇಕವನ್ನು ಕಾನೂನು ಕಲಂಗಳ ರೂಪದಲ್ಲಿ ಬರೆದಿಟ್ಟಿದೆ. ಅದನ್ನು ಪಾಲಿಸುವುದು ಪೊಲೀಸರ, ವಕೀಲರ, ಪತ್ರಕರ್ತರ ಹೊಣೆಯಾಗಿರುವಂತೆ, ಫೋನಿನ ಗುಂಡಿ ಒತ್ತುವ ನಮ್ಮೆಲ್ಲರ ಹೊಣೆಯೂ ಹೌದು.